ಮಧ್ಯಾಹ್ನದ ಬಿಸಿಲು, ಮುಂಜಾನೆಯ ಬಿಸಿನೀರು

ಅಂಗಳದಲ್ಲಿ ಬಿಸಿಲಿಗೆ ಬಿದ್ದಿರುವ ಕಪ್ಪು ರಬ್ಬರ್ ಪೈಪಿನ ನಲ್ಲಿಯನ್ನು ಮಧ್ಯಾಹ್ನ ಎರಡು ಗಂಟೆಗೆ ತಿರುಗಿಸಿ ನೋಡಿ. ಮೊದಲು ಬರುವ ನೀರು ಕೈ ಸುಡುತ್ತದೆ. ಅದಕ್ಕಾಗಿ ಯಾರೂ ಒಲೆ ಹಚ್ಚಿಲ್ಲ, ಸ್ವಿಚ್ ಒತ್ತಿಲ್ಲ. ಮರುದಿನ ಬೆಳಗಿನ ಆರಕ್ಕೆ ಅದೇ ಮನೆಯಲ್ಲಿ ಯಾರೋ ಒಬ್ಬರು ಸ್ನಾನದ ನೀರಿಗಾಗಿ ಹೊಗೆಯ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಿರುತ್ತಾರೆ, ಇಲ್ಲವೇ ಗೀಸರಿನ ಕೆಂಪು ದೀಪ ಯಾವಾಗ ಆರುತ್ತದೋ ಎಂದು ಕಾಯುತ್ತಿರುತ್ತಾರೆ. ಪೈಪಿನಲ್ಲಿದ್ದ ಸುಡುನೀರು ಹಿಂದಿನ ಸಂಜೆಯೇ ತಣ್ಣಗಾಗಿ ಹೋಗಿರುತ್ತದೆ.

ಬಿಸಿಲು ಧಾರಾಳವಾಗಿರುವ ಹಳ್ಳಿಯಲ್ಲಿ ಬಿಸಿನೀರಿನ ಸಮಸ್ಯೆಯೆಲ್ಲ ಈ ಹದಿನಾರು ಗಂಟೆಗಳ ಅಂತರದಲ್ಲಿದೆ. ಶಾಖಕ್ಕೇನೂ ಬರವಿಲ್ಲ. ಸಿಕ್ಕಿದ ಶಾಖವನ್ನು ಸೋರದಂತೆ ಕಾದಿಟ್ಟು, ಬೇಕಾದ ಹೊತ್ತಿಗೆ ಬಚ್ಚಲಿನವರೆಗೆ ತಲುಪಿಸುವಾಗ ಎಡವುತ್ತೇವೆ. ಸೋಲಾರ್ ಹಾಕಿಸಿಯೂ ಬೇಸರಪಡುವವರ ತಾರಸಿ ಹತ್ತಿ ನೋಡಿ: ಪ್ಯಾನೆಲ್ ಥಳಥಳ ಹೊಳೆಯುತ್ತಿರುತ್ತದೆ, ಅದರಿಂದ ಹೊರಟ ಪೈಪು ಮಾತ್ರ ಬರಿಮೈಯಲ್ಲಿ ಗಾಳಿಗೆ ಒಡ್ಡಿಕೊಂಡು ಮನೆಯ ಇನ್ನೊಂದು ಮೂಲೆಯವರೆಗೆ ಹರಿದಿರುತ್ತದೆ.

ಲೆಕ್ಕ ಮೊದಲು, ಖರೀದಿ ಆಮೇಲೆ

ನೂರು ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಏರಿಸಬೇಕು ಎಂದುಕೊಳ್ಳಿ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4.19 ಕಿಲೋಜೂಲ್ ಶಾಖ ಬೇಕು. ಗುಣಿಸಿದರೆ 14,650 ಕಿಲೋಜೂಲ್ ಆಸುಪಾಸು. ವಿದ್ಯುತ್ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ನಾಲ್ಕು ಯೂನಿಟ್‌ಗಿಂತ ತುಸು ಹೆಚ್ಚು. ಇದು ಸಣ್ಣ ಅಂಕಿಯಂತೆ ಕಾಣಬಹುದು. ಆದರೆ 9 ವ್ಯಾಟ್‌ನ ಎಲ್‌ಇಡಿ ದೀಪವೊಂದನ್ನು ಇಷ್ಟೇ ವಿದ್ಯುತ್ತಿನಲ್ಲಿ ಹಗಲು ರಾತ್ರಿ ಆರಿಸದೆ ಹದಿನೆಂಟು ದಿನ ಉರಿಸಬಹುದು. ದೀಪ ಆರಿಸಲಿಲ್ಲವೆಂದು ಮಕ್ಕಳ ಮೇಲೆ ರೇಗುವವರು ಒಮ್ಮೆ ಬಚ್ಚಲಿನ ಕಡೆ ತಿರುಗಿ ನೋಡುವುದು ಒಳ್ಳೆಯದು. ಈ ನಾಲ್ಕು ಯೂನಿಟ್ ಎಂಬ ಅಂಕಿ ನೆನಪಿನಲ್ಲಿರಲಿ. ಮುಂದೆ ಎಲ್ಲವನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತೇನೆ.

ಸೌದೆಯಿಂದ ಶುರು ಮಾಡೋಣ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 16,000 ಕಿಲೋಜೂಲ್ ಶಾಖವಿದೆ. ಅಂದರೆ ಲೆಕ್ಕದ ಪ್ರಕಾರ ಒಂದೇ ಕಿಲೋ ಸಾಕಾಗಬೇಕಿತ್ತು. ಆದರೆ ತೆರೆದ ಒಲೆಯಲ್ಲಿ ನೀರಿಗೆ ತಲುಪುವುದು ನೂರಕ್ಕೆ ಹತ್ತರಿಂದ ಹದಿನೈದು ಭಾಗ ಮಾತ್ರ. ಮಿಕ್ಕಿದ್ದು ಗೋಡೆಗೆ, ಗಾಳಿಗೆ, ಹೊಗೆಗೆ. ಹಾಗಾಗಿ ಏಳೆಂಟು ಕಿಲೋ ಸುಡಬೇಕಾಗುತ್ತದೆ. ಹಸಿ ಸೌದೆಯಾದರೆ ಇನ್ನೂ ಹೆಚ್ಚು. ಸೌದೆ ಪುಕ್ಕಟೆ ಎನ್ನುವವರು ಅದನ್ನು ಆರಿಸಿ, ಹೊತ್ತು, ಒಡೆದು, ಒಣಗಿಸಿದವರ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಹೊಗೆ ಕುಡಿದವರ ಎದೆಯ ಲೆಕ್ಕವಂತೂ ದೂರವೇ ಉಳಿಯಿತು. ಅನಿಲದ ಗೀಸರ್ ಇದೇ ಕೆಲಸವನ್ನು ಸುಮಾರು 400 ಗ್ರಾಂ ಎಲ್‌ಪಿಜಿಯಲ್ಲಿ ಮುಗಿಸುತ್ತದೆ. ವಿದ್ಯುತ್ ಗೀಸರ್ ಒಳಗೆ ಹೋದ ವಿದ್ಯುತ್ತನ್ನೆಲ್ಲ ಶಾಖವಾಗಿ ಮಾಡುತ್ತದೆ. ಅದರಲ್ಲಿ ಪೋಲು ಎಂಬುದಿದ್ದರೆ ಬಿಸಿಯಾದ ನೀರು ಬಳಕೆಯಾಗದೆ ಟ್ಯಾಂಕಿನಲ್ಲೇ ತಣ್ಣಗಾಗುವುದು, ಮತ್ತೆ ಕಾಯುವುದು, ಮತ್ತೆ ತಣ್ಣಗಾಗುವುದು.

ಈಗ ಬಿಸಿಲು. ಒಳ್ಳೆಯ ಬಿಸಿಲಿನ ಪ್ರದೇಶದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ದಿನವೊಂದಕ್ಕೆ ಐದಾರು ಯೂನಿಟ್‌ನಷ್ಟು ಶಕ್ತಿ ಸುರಿಯುತ್ತದೆ. ಎರಡು ಚದರ ಮೀಟರ್ ಕಲೆಕ್ಟರ್, ಅಂದರೆ ಬಿಸಿಲು ಹಿಡಿದು ನೀರು ಕಾಯಿಸುವ, ಒಂದು ಬಾಗಿಲಿನಷ್ಟು ದೊಡ್ಡ ಪ್ಯಾನೆಲ್, ತನ್ನ ಮೇಲೆ ಬಿದ್ದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಹಿಡಿದರೂ ನಮ್ಮ ನಾಲ್ಕು ಯೂನಿಟ್ ಬಂತು, ಸ್ವಲ್ಪ ಮಿಕ್ಕಿತು. ನೂರು ಲೀಟರಿಗೆ ಎರಡು ಚದರ ಮೀಟರ್ ಎಂಬ ಸಾಮಾನ್ಯ ಅಳತೆ ಹುಟ್ಟಿದ್ದು ಇಂಥ ಲೆಕ್ಕದಿಂದಲೇ.

ನೂರು ಲೀಟರ್ ಯಾರಿಗೆ ಸಾಲುತ್ತದೆ ಎಂಬುದು ಬೇರೆ ಪ್ರಶ್ನೆ. ಸ್ನಾನಕ್ಕೆ ಬೇಕಾಗುವುದು 40 ಡಿಗ್ರಿಯ ನೀರು. 60 ಡಿಗ್ರಿಯದನ್ನು ಯಾರೂ ನೇರವಾಗಿ ಸುರಿದುಕೊಳ್ಳುವುದಿಲ್ಲ. ನೂರು ಲೀಟರ್ 60 ಡಿಗ್ರಿಯ ನೀರಿಗೆ 25 ಡಿಗ್ರಿಯ ತಣ್ಣೀರು ಬೆರೆಸುತ್ತ ಹೋದರೆ 40 ಡಿಗ್ರಿಯದು ಸುಮಾರು 230 ಲೀಟರ್ ಆಗುತ್ತದೆ. ಬಕೆಟ್ಟಿಗೆ ಇಪ್ಪತ್ತು ಲೀಟರ್ ಎಂದರೆ ಹನ್ನೊಂದು ಬಕೆಟ್. ಅದೇ ಹಳೆಯ ಷವರ್ ಆದರೆ ನಿಮಿಷಕ್ಕೆ ಹನ್ನೆರಡು ಹದಿನೈದು ಲೀಟರ್ ಸುರಿಯುತ್ತದೆ; ಹತ್ತು ನಿಮಿಷ ಅದರ ಕೆಳಗೆ ನಿಂತವರು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿ ಹೊರಬರುತ್ತಾರೆ. ದೊಡ್ಡ ಟ್ಯಾಂಕು ಕೊಳ್ಳುವ ಮೊದಲು ಷವರಿನ ತಲೆ ಬದಲಿಸಿ ನೋಡಿ. ನಿಮಿಷಕ್ಕೆ ಆರೇಳು ಲೀಟರಿನದು ಹಾಕಿದರೆ ಇದ್ದ ಟ್ಯಾಂಕೇ ಎರಡರಷ್ಟು ದೊಡ್ಡದಾದಂತೆ. ಒಂದು ವಾರ ಮನೆಯ ಬಿಸಿನೀರನ್ನು ಬಕೆಟ್ಟಿನಲ್ಲಿ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ, ಮಾರುವವರು ಹೇಳುವ ಯಾವ ಮಾತಿಗಿಂತಲೂ ಆ ಏಳು ಅಂಕಿಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಕಪ್ಪು ಟ್ಯಾಂಕಿನಿಂದ ಕಲಿತದ್ದು

ಗಾಜಿನ ಪೆಟ್ಟಿಗೆಯೊಳಗೆ ಬಿಸಿಲನ್ನು ಸೆರೆಹಿಡಿಯಬಹುದು ಎಂದು ಹೊರಾಸ್ ಡಿ ಸೊಸ್ಯೂರ್ ಎಂಬ ಸ್ವಿಸ್ ವಿಜ್ಞಾನಿ 1767ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದ. ಮನೆಬಳಕೆಗೆ ಅದನ್ನು ಮಾರಾಟಕ್ಕಿಟ್ಟವನು ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್. 1891ರಲ್ಲಿ ಪೇಟೆಂಟ್ ಪಡೆದ. ಅವನ ಸಾಧನ ಬಹಳ ಸರಳ: ಕಪ್ಪು ಬಳಿದ ಲೋಹದ ಟ್ಯಾಂಕುಗಳನ್ನು ಗಾಜು ಮುಚ್ಚಿದ ಮರದ ಪೆಟ್ಟಿಗೆಯಲ್ಲಿಟ್ಟಿದ್ದ. ಸಂಜೆಯ ಹೊತ್ತಿಗೆ ನೀರು ಸೊಗಸಾಗಿ ಕಾಯುತ್ತಿತ್ತು. ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು, ಏಕೆಂದರೆ ಹಗಲು ಬಿಸಿಲನ್ನು ಒಳಬಿಟ್ಟ ಗಾಜೇ ರಾತ್ರಿ ಶಾಖವನ್ನು ಹೊರಬಿಡುತ್ತಿತ್ತು.

1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೇಲಿ ಇದನ್ನು ಎರಡಾಗಿ ಸೀಳಿದ. ಬಿಸಿಲು ಹಿಡಿಯಲು ಗಾಜಿನಡಿ ಕೊಳವೆಗಳ ಒಂದು ಹಲಗೆ. ಬಿಸಿ ಕಾಯ್ದುಕೊಳ್ಳಲು ಅದರ ಮೇಲೆ ದಪ್ಪ ಹೊದಿಕೆಯ ಬೇರೆಯದೇ ಟ್ಯಾಂಕು. ಹೆಸರು 'ಡೇ ಅಂಡ್ ನೈಟ್', ಹಗಲು ಮತ್ತು ರಾತ್ರಿ. ಹೆಸರಿನಲ್ಲೇ ಇಡೀ ವಿಚಾರವಿದೆ. ಇಂದು ನೀವು ಯಾವ ತಾರಸಿಯ ಮೇಲೆ ನೋಡುವ ಸೋಲಾರ್ ಆದರೂ ಹೆಚ್ಚೂಕಡಿಮೆ ಅದರ ಸಂತಾನವೇ. 1913ರ ಚಳಿಗೆ ಬೇಲಿಯ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ತಾಮ್ರ ಒಡೆಯಿತು. ಆಗ ಅವನು ಕೊಳವೆಗಳಲ್ಲಿ ಹೆಪ್ಪುಗಟ್ಟದ ಮದ್ಯಸಾರದ ಮಿಶ್ರಣ ಹರಿಸಿ, ಅದರ ಶಾಖವನ್ನು ಟ್ಯಾಂಕಿನೊಳಗಿನ ಸುರುಳಿಯ ಮೂಲಕ ನೀರಿಗೆ ದಾಟಿಸಿದ. ಹಗಲು ಬಿಸಿಲು ಎಷ್ಟಿದ್ದರೂ ಮೋಡವಿಲ್ಲದ ರಾತ್ರಿಯ ಆಕಾಶ ಶಾಖ ಹೀರುತ್ತದೆ. ಗಾಳಿ ಶೂನ್ಯಕ್ಕಿಂತ ಮೂರು ನಾಲ್ಕು ಡಿಗ್ರಿ ಮೇಲಿದ್ದಾಗಲೇ ಕಲೆಕ್ಟರಿನ ನೀರು ಹೆಪ್ಪುಗಟ್ಟಬಹುದು. ಅಂಥ ಚಳಿ ಬೀಳುವ ಕಡೆ ಬೇಲಿಯ ಉಪಾಯವೇ ಇಂದಿಗೂ ಗತಿ.

ಪಂಪಿಲ್ಲದೆ ನೀರು ಹೇಗೆ ಹತ್ತುತ್ತದೆ? 20 ಡಿಗ್ರಿಯ ಒಂದು ಲೀಟರ್ ನೀರು 998 ಗ್ರಾಂ ತೂಗಿದರೆ 60 ಡಿಗ್ರಿಯದು 983 ಗ್ರಾಂ. ಕಾದ ನೀರು ಹಗುರಾಗಿ ಮೇಲೇರುತ್ತದೆ, ಟ್ಯಾಂಕಿನ ತಳದ ತಣ್ಣೀರು ಭಾರವಾಗಿ ಕೆಳಗಿಳಿದು ಕಲೆಕ್ಟರಿಗೆ ಬರುತ್ತದೆ, ಕಾಯುತ್ತದೆ, ಮತ್ತೆ ಏರುತ್ತದೆ. ಲೀಟರಿಗೆ ಹದಿನೈದು ಗ್ರಾಮಿನ ವ್ಯತ್ಯಾಸ, ಅಷ್ಟೇ! ಇಡೀ ವ್ಯವಸ್ಥೆ ಓಡುವುದು ಆ ಬಲದ ಮೇಲೆ. ಇಷ್ಟು ಬಡಕಲು ಬಲ ಯಾವ ಅಡ್ಡಿಯನ್ನೂ ಸಹಿಸುವುದಿಲ್ಲ. ಕಲೆಕ್ಟರಿನಿಂದ ಟ್ಯಾಂಕಿಗೆ ಹತ್ತುವ ಏರುಪೈಪು ಎಲ್ಲಾದರೂ ಒಂದು ಕಡೆ ಒಂಟೆಯ ಡುಬ್ಬದಂತೆ ಎದ್ದು ಇಳಿದಿದ್ದರೆ ಅಲ್ಲಿ ಗಾಳಿಯ ಗುಳ್ಳೆ ಕೂತು ಹರಿವನ್ನೇ ನಿಲ್ಲಿಸಿಬಿಡುತ್ತದೆ. ತುಂಬ ತಿರುವುಗಳಿದ್ದರೂ ತೊಂದರೆ. ಕಲೆಕ್ಟರ್ ಕುದಿಯುವಂತೆ ಕಾದಿರುತ್ತದೆ, ಟ್ಯಾಂಕು ತಣ್ಣಗಿರುತ್ತದೆ, ಮನೆಯವರು ಪ್ಯಾನೆಲ್ ಕೆಟ್ಟಿದೆ ಎನ್ನುತ್ತಾರೆ.

ಇನ್ನೊಂದು ಅಳತೆಯಿದೆ. ಕಲೆಕ್ಟರಿನ ತಲೆಗಿಂತ ಟ್ಯಾಂಕಿನ ತಳ ಒಂದು ಅಡಿಯಷ್ಟಾದರೂ ಮೇಲಿರಬೇಕು. ಇಲ್ಲವಾದರೆ ರಾತ್ರಿ ಆಟ ತಿರುಗುತ್ತದೆ: ಕಲೆಕ್ಟರಿನಲ್ಲಿ ತಣ್ಣಗಾದ ನೀರು ಹಿಂದಕ್ಕೆ ಇಳಿದು, ಟ್ಯಾಂಕಿನ ಬಿಸಿನೀರನ್ನು ತನ್ನೆಡೆಗೆ ಎಳೆದು, ಹಗಲು ಗಳಿಸಿದ್ದನ್ನೆಲ್ಲ ಆಕಾಶಕ್ಕೆ ಹಂಚಿಬಿಡುತ್ತದೆ. ಸಾದಾ ವ್ಯವಸ್ಥೆಯಲ್ಲಿ ತಣ್ಣೀರಿನ ಟ್ಯಾಂಕು ಈ ಎರಡಕ್ಕಿಂತಲೂ ಮೇಲಿರಬೇಕು, ಏಕೆಂದರೆ ಬಿಸಿನೀರನ್ನು ನಲ್ಲಿಗೆ ತಳ್ಳುವುದು ಅದರ ಎತ್ತರವೇ. ಹಳೆಯ ಮನೆಯ ತಾರಸಿಯಲ್ಲಿ ಇದಕ್ಕಾಗಿ ಕಟ್ಟೆ ಎತ್ತರಿಸಬೇಕಾದೀತು. ಗುತ್ತಿಗೆ ಮಾತಾಡುವಾಗ ಈ ಕಟ್ಟೆಯ ಖರ್ಚು ಯಾರದ್ದು ಎಂದು ಮೊದಲೇ ಕೇಳಿಬಿಡಿ.

ಕಲೆಕ್ಟರಿನ ಮುಖ ಭೂಮಧ್ಯರೇಖೆಯ ಕಡೆಗಿರಬೇಕು: ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೆ. ಓರೆ ಎಷ್ಟು ಎಂದರೆ ಊರಿನ ಅಕ್ಷಾಂಶದ ಮೇಲೆ ಹತ್ತು ಹದಿನೈದು ಡಿಗ್ರಿ ಹೆಚ್ಚು. ಬೇಸಿಗೆಯಲ್ಲಿ ಇದರಿಂದ ತುಸು ಕಡಿಮೆ ಸಿಕ್ಕರೂ ಚಿಂತೆಯಿಲ್ಲ, ಬೇಸಿಗೆಯಲ್ಲಿ ಬಿಸಿನೀರು ಯಾರಿಗೆ ಬೇಕು? ಚಳಿಗಾಲದ ಸೂರ್ಯ ತಗ್ಗಿನಲ್ಲಿ ಹಾಯುತ್ತಾನೆ, ಅವನಿಗೆ ಎದುರಾಗಿ ನಿಲ್ಲುವಂತಿರಬೇಕು. ತೆಂಗಿನ ಮರವೋ ಪಕ್ಕದ ಗೋಡೆಯೋ ಬೀಳಿಸುವ ನೆರಳನ್ನೂ ಚಳಿಗಾಲದಲ್ಲೇ ನೋಡಬೇಕು. ಬೇಸಿಗೆಯಲ್ಲಿ ನೋಡಿ ಜಾಗ ಗುರುತು ಹಾಕಿದವರಿಗೆ ಆರು ತಿಂಗಳಲ್ಲಿ ನೆರಳು ಅಟ್ಟಿಸಿಕೊಂಡು ಬರುತ್ತದೆ.

ಹಲಗೆಯೋ, ಗಾಜಿನ ಕೊಳವೆಯೋ

ಹಲಗೆಯಂಥ ಕಲೆಕ್ಟರಿನಲ್ಲಿ ತಾಮ್ರದ ಸಣ್ಣ ಕೊಳವೆಗಳು, ಅವಕ್ಕೆ ಬೆಸೆದ ಕಪ್ಪು ತಗಡು, ಮೇಲೆ ಗಟ್ಟಿ ಗಾಜು. ಆ ಕಪ್ಪು ಬರಿಯ ಬಣ್ಣವೆಂದುಕೊಳ್ಳಬೇಡಿ. 1950ರ ದಶಕದಲ್ಲಿ ಇಸ್ರೇಲಿನ ಹ್ಯಾರಿ ಟೇಬರ್ ರೂಪಿಸಿದ ಬಗೆಯ ಲೇಪವದು. ಬಿಸಿಲನ್ನು ನೂರಕ್ಕೆ ತೊಂಬತ್ತರ ಮೇಲೆ ಹೀರುತ್ತದೆ, ಹೀರಿದ ಶಾಖವನ್ನು ಹೊರಸೂಸುವಾಗ ಮಾತ್ರ ಜಿಪುಣತನ ತೋರುತ್ತದೆ. ಸಾಮಾನ್ಯ ಕಪ್ಪು ಬಣ್ಣಕ್ಕೆ ಈ ಜಿಪುಣತನವಿಲ್ಲ. ಅದೇ ಇಸ್ರೇಲ್ 1980ರಲ್ಲಿ ಹೊಸ ಮನೆಗಳಿಗೆ ಸೋಲಾರ್ ನೀರು ಕಾಯಿಸುವ ಸಾಧನವನ್ನು ಕಾನೂನಿನಿಂದ ಕಡ್ಡಾಯ ಮಾಡಿತು.

ಗಾಜಿನ ಕೊಳವೆಯದು ಫ್ಲಾಸ್ಕಿನ ತತ್ವ. ಒಂದರೊಳಗೊಂದು ಎರಡು ಗಾಜು, ನಡುವೆ ನಿರ್ವಾತ, ಒಳಗಾಜಿನ ಮೇಲೆ ಹೀರುವ ಲೇಪ. ನಿರ್ವಾತದ ಮೂಲಕ ಶಾಖ ಹೊರಗೆ ಹರಿಯದ ಕಾರಣ ಚಳಿಗಾಳಿ ಬೀಸಿದರೂ ನೀರು ಕಾಯುತ್ತದೆ. ಕೊಳವೆಯ ಮುಚ್ಚಿದ ತುದಿಯನ್ನು ಹತ್ತಿರದಿಂದ ನೋಡಿ: ಒಳಗೆ ಕನ್ನಡಿಯಂತೆ ಹೊಳೆಯುವ ಬೆಳ್ಳಿಯ ಬಣ್ಣದ ಪಟ್ಟೆ ಕಾಣುತ್ತದೆ. ಅದು ಬೇರಿಯಂ ಲೋಹದ ತೆಳು ಪದರ. ನುಸುಳಿ ಬರುವ ಅಲ್ಪಸ್ವಲ್ಪ ಅನಿಲವನ್ನು ನುಂಗಿ ನಿರ್ವಾತವನ್ನು ಕಾಯುತ್ತದೆ. ಗಾಳಿ ಒಳಹೊಕ್ಕರೆ ಬೆಳ್ಳಿ ಮಾಯವಾಗಿ ಹಾಲಿನಂಥ ಬಿಳುಪು ಬರುತ್ತದೆ. ಹೀಗಾಗಿ ಕೊಳವೆ ಕೆಟ್ಟಿದೆಯೇ ಎಂದು ತಿಳಿಯಲು ಯಾವ ಯಂತ್ರವೂ ಬೇಡ, ಬಗ್ಗಿ ತುದಿ ನೋಡಿದರೆ ಸಾಕು. ಹೊಸದನ್ನು ಇಳಿಸಿಕೊಳ್ಳುವಾಗಲೂ ಒಂದೊಂದನ್ನೂ ಹೀಗೆ ನೋಡಿಯೇ ತೆಗೆದುಕೊಳ್ಳಿ.

ಕೊಳವೆಗಳನ್ನು ನಡುಮಧ್ಯಾಹ್ನ ಜೋಡಿಸಿ ತಣ್ಣೀರು ತುಂಬಿಸಬಾರದು. ನೀರಿಲ್ಲದೆ ಬಿಸಿಲಿಗೆ ಬಿದ್ದ ಕೊಳವೆಯ ಒಳಗಾಜು ನೀರು ಕುದಿಯುವ ಬಿಸಿಯನ್ನೂ ಮೀರಿ ಕಾದಿರುತ್ತದೆ. ತಣ್ಣೀರು ತಗುಲಿದೊಡನೆ ಚಟಾರನೆ ಸೀಳುತ್ತದೆ. ಸೂರ್ಯ ಏರುವ ಮೊದಲು ಅಥವಾ ಮುಳುಗಿದ ಮೇಲೆ ಆ ಕೆಲಸ. ಮೇಲಿನ ಟ್ಯಾಂಕು ಬರಿದಾಗಿ ಗಂಟೆಗಟ್ಟಲೆ ನೀರಿಲ್ಲದ ಮನೆಗಳಲ್ಲೂ ಇದೇ ಅಪಾಯ. ನೇರವಾಗಿ ಟ್ಯಾಂಕಿಗೆ ಚುಚ್ಚಿದ ಬಗೆಯಲ್ಲಿ ಒಂದು ಕೊಳವೆ ಒಡೆದರೂ ಇಡೀ ಟ್ಯಾಂಕಿನ ನೀರು ತಾರಸಿಗೆ ಹರಿಯುತ್ತದೆ.

ಬಿಸಿಲು ಹೆಚ್ಚು, ಚಳಿ ಕಡಿಮೆ ಎಂಬ ಊರಿಗೆ ಎರಡೂ ಸಾಲುತ್ತವೆ. ಆಯ್ಕೆಯನ್ನು ತೀರ್ಮಾನಿಸುವುದು ನಿಮ್ಮ ಬಾವಿಯ ನೀರು.

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಸುಣ್ಣದ ಪದರವಾಗಿ ಕೂರುತ್ತದೆ. 60 ಡಿಗ್ರಿ ದಾಟಿದರೆ ಕೂರುವ ವೇಗ ಹೆಚ್ಚು. ಹಲಗೆಯ ಬೆರಳುಗಾತ್ರದ ತಾಮ್ರದ ಕೊಳವೆಗಳಲ್ಲಿ ಅದು ಕಟ್ಟಿಕೊಂಡು, ಆ ಹದಿನೈದು ಗ್ರಾಮಿನ ಬಲಕ್ಕೆ ದಾರಿಯೇ ಇಲ್ಲದಂತಾಗುತ್ತದೆ. ಗಾಜಿನ ಕೊಳವೆ ಅಗಲವಾಗಿರುವುದರಿಂದ ಮುಚ್ಚಿಕೊಳ್ಳುವುದಿಲ್ಲ, ಕೆಸರು ತಳದಲ್ಲಿ ಕೂರುತ್ತದೆ, ಬಿಚ್ಚಿ ತೊಳೆಯಬಹುದು. ವಿದ್ಯುತ್ ಗೀಸರಿನ ಕಾಯಿಲ್ ಮೇಲೆ ಕೂತ ಸುಣ್ಣ ಶಾಖವನ್ನು ನೀರಿಗೆ ಬಿಡದೆ ಕಾಯಿಲನ್ನೇ ಸುಡುತ್ತದೆ. ಕೊಳವೆಬಾವಿಯ ನೀರಿನಲ್ಲಿ ಪಾತ್ರೆಯ ಅಂಚಿಗೆ ಬಿಳಿ ಕಟ್ಟುತ್ತದೆಯೇ, ಸೋಪು ನೊರೆ ಬರಲು ಹಟ ಮಾಡುತ್ತದೆಯೇ? ಹಾಗಿದ್ದರೆ ಅಗಲ ಕೊಳವೆಯ ಬಗೆ ಇಲ್ಲವೇ ವಿಲಿಯಂ ಬೇಲಿ ಮಾಡಿದಂತೆ ಸುರುಳಿಯ ಮೂಲಕ ಶಾಖ ದಾಟಿಸುವ ಬಗೆ ನೋಡಿಕೊಳ್ಳಿ. ಟ್ಯಾಂಕಿನೊಳಗೆ ಮೆಗ್ನೀಸಿಯಂನ ಒಂದು ಕಂಬಿ ಇರುತ್ತದೆ. ಉಕ್ಕಿನ ಬದಲು ತಾನು ಸವೆಯುವುದಕ್ಕೆಂದೇ ಅದನ್ನು ಇಟ್ಟಿರುತ್ತಾರೆ. ಒಂದೆರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಪೆನ್ಸಿಲಿನಂತೆ ಸೊರಗಿದ್ದರೆ ಬದಲಿಸಬೇಕು. ಇದನ್ನು ಮಾರುವಾಗ ಯಾರೂ ಹೇಳುವುದಿಲ್ಲ, ಟ್ಯಾಂಕು ಸೋರಿದ ಮೇಲೆ ಎಲ್ಲರೂ ಹೇಳುತ್ತಾರೆ.

ನಡುದಾರಿಯಲ್ಲಿ ಸೋರುವುದು

ಇಪ್ಪತ್ತು ಮೀಟರ್ ದೂರದ ಬಚ್ಚಲು. ಒಳವ್ಯಾಸ 25 ಮಿಲಿಮೀಟರಿನ ಪೈಪಾದರೆ ಅದರ ಹೊಟ್ಟೆಯಲ್ಲಿ ಸುಮಾರು 10 ಲೀಟರ್ ನೀರಿರುತ್ತದೆ. 15 ಮಿಲಿಮೀಟರಿನದಾದರೆ ಮೂರೂವರೆ ಲೀಟರ್. ಬಿಸಿನೀರು ಮುಖ ತೋರಿಸುವ ಮೊದಲು ಇಷ್ಟು ತಣ್ಣೀರು ಹೊರಬರಬೇಕು. ನಲ್ಲಿ ಮುಚ್ಚಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ನಿಂತು ತಣ್ಣಗಾಗುತ್ತದೆ. ನಾಲ್ಕು ಜನ ಒಂದೊಂದು ಗಂಟೆ ಬಿಟ್ಟು ಸ್ನಾನಕ್ಕೆ ಹೋದರೆ ದಪ್ಪ ಪೈಪಿನ ಮನೆಯಲ್ಲಿ 40 ಲೀಟರ್ ಬಿಸಿನೀರು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಒಬ್ಬರ ಹಿಂದೆ ಒಬ್ಬರು ಹೋದರೆ ಹತ್ತೇ ಲೀಟರ್. ದಪ್ಪ ಪೈಪು ಹಾಕಿದರೆ ಧಾರೆ ಜೋರಾಗಿ ಬರುತ್ತದೆ ಎಂಬ ಆಸೆಗೆ ಈ ದಂಡ. ಒತ್ತಡ ಸಾಲುವಷ್ಟು ಮಟ್ಟಿಗೆ ಸಣ್ಣದನ್ನೇ ಹಾಕಿ, ಬಚ್ಚಲಿಗೆ ಹತ್ತಿರವಾಗುವ ಹಾಗೆ ಟ್ಯಾಂಕು ಕೂರಿಸಿ.

ಪೈಪಿಗೆ ಕಪ್ಪು ಫೋಮಿನ ಹೊದಿಕೆ ತೊಡಿಸುವುದು ಇಡೀ ಕೆಲಸದಲ್ಲಿ ಅತಿ ಅಗ್ಗದ ಭಾಗ, ಅದನ್ನೇ ಉಳಿತಾಯ ಮಾಡಹೊರಡುತ್ತೇವೆ. ಆದರೆ ಬಿಸಿಲಿಗೆ ಒಡ್ಡಿದ ಫೋಮು ಕೆಲವೇ ವರ್ಷಗಳಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ಮೇಲೆ ಅಲ್ಯೂಮಿನಿಯಂ ಹಾಳೆಯೋ ಟೇಪೋ ಸುತ್ತಬೇಕು. ತಣ್ಣೀರಿಗೆ ಹಾಕುವ ಸಾದಾ ಪಿವಿಸಿ ಪೈಪು ಬಿಸಿನೀರಿಗೆ ಮೆತ್ತಗಾಗಿ ಜೋತುಬೀಳುತ್ತದೆ. ಸಿಪಿವಿಸಿ ಅಥವಾ ಬಿಸಿನೀರಿಗೆಂದೇ ಮಾಡಿದ ಬೇರೆ ಪೈಪು ಬೇಕು.

ಮಿಕ್ಸರ್ ನಲ್ಲಿಯ ಒಂದು ಚೇಷ್ಟೆ ಹೇಳಲೇಬೇಕು. ತಣ್ಣೀರು ಒತ್ತಡದ ಪಂಪಿನಿಂದ, ಬಿಸಿನೀರು ಬರಿಯ ಎತ್ತರದಿಂದ ಬರುವ ಮನೆಯಲ್ಲಿ ಎರಡೂ ಕಡೆ ತೆರೆದು ಮೂತಿ ಮುಚ್ಚಿದರೆ ಬಲವಾದ ತಣ್ಣೀರು ಬಿಸಿನೀರಿನ ಪೈಪಿನೊಳಗೆ ಹಿಮ್ಮುಖವಾಗಿ ನುಗ್ಗಿ ಸದ್ದಿಲ್ಲದೆ ಟ್ಯಾಂಕನ್ನು ತಣ್ಣಗೆ ಮಾಡುತ್ತದೆ. ಬಿಸಿನೀರಿನ ಪೈಪಿಗೆ ಹಿಂದಕ್ಕೆ ಬಿಡದ ವಾಲ್ವ್ ಒಂದನ್ನು ಕೂರಿಸಿದರೆ ಈ ಕಾಟ ತಪ್ಪುತ್ತದೆ.

ಮೋಡದ ದಿನಕ್ಕೆ

ಬಿಸಿಲಿನ ಊರಿಗೂ ಮಳೆಗಾಲವಿದೆ. ಅದಕ್ಕಾಗಿ ಸೋಲಾರ್ ಟ್ಯಾಂಕಿನಲ್ಲಿ ವಿದ್ಯುತ್ ಕಾಯಿಲ್ ಇಡುತ್ತಾರೆ, ಉಳಿತಾಯ ಮಣ್ಣುಪಾಲಾಗುವುದೂ ಹೆಚ್ಚಾಗಿ ಅಲ್ಲೇ. ನಮ್ಮ ಮನೆಯಲ್ಲಿ ಒಂದು ಮಳೆಗಾಲದಲ್ಲಿ ಹಾಕಿದ ಆ ಸ್ವಿಚ್ಚನ್ನು ಆರಿಸಲು ಮರೆತು ನಾಲ್ಕು ತಿಂಗಳು ಕಳೆದೆವು. ಬೆಳಿಗ್ಗೆ ನಾವು ಖಾಲಿ ಮಾಡಿದ ಟ್ಯಾಂಕನ್ನು ಸೂರ್ಯ ತಲೆಯೆತ್ತುವ ಮೊದಲೇ ಕಾಯಿಲ್ ಕಾಯಿಸಿಡುತ್ತಿತ್ತು. ಪಾಪ, ಸೂರ್ಯನಿಗೆ ಮಾಡಲು ಕೆಲಸವೇ ಇರಲಿಲ್ಲ. ಬಿಲ್ಲು ಏಕೆ ಇಳಿಯಲಿಲ್ಲ ಎಂದು ತಾರಸಿ ಹತ್ತಿ ಗಾಜು ಒರೆಸಿದ್ದೇ ಒರೆಸಿದ್ದು.

ಕಾಯಿಲ್ ಟ್ಯಾಂಕಿನ ಮೇಲರ್ಧದಲ್ಲಿದ್ದರೆ ಮೇಲಿನ ನೀರನ್ನಷ್ಟೇ ಕಾಯಿಸುತ್ತದೆ, ತಳದ ತಣ್ಣೀರು ಬಿಸಿಲಿಗೆ ಉಳಿಯುತ್ತದೆ. ಟೈಮರ್ ಇಟ್ಟು ಬೆಳಗಿನ ಜಾವ ಒಂದು ಗಂಟೆ ಮಾತ್ರ ಹತ್ತುವಂತೆ ಮಾಡಿದರೆ ಇನ್ನೂ ಚೆನ್ನ. ಅದಕ್ಕಿಂತ ಸುಲಭದ ಉಪಾಯವೆಂದರೆ ಸ್ನಾನವನ್ನು ಬಿಸಿಲಿನ ಕಡೆಗೆ ಸರಿಸುವುದು. ಟ್ಯಾಂಕು ಅತಿ ಬಿಸಿಯಾಗಿರುವುದು ಸಂಜೆ ನಾಲ್ಕೈದರ ಹೊತ್ತಿಗೆ. ಮನೆಯ ಅರ್ಧ ಜನ ಸಂಜೆ ಮಿಂದರೆ ರಾತ್ರಿಯಿಡೀ ಕಾದಿಡಬೇಕಾದ ನೀರೂ ಕಡಿಮೆ, ಸೋರುವ ಶಾಖವೂ ಕಡಿಮೆ.

ತಾರಸಿಯೇ ಇಲ್ಲದವರು, ನೆರಳಿನ ಮನೆಯವರು ಹೀಟ್ ಪಂಪ್ ನೋಡಬಹುದು. ಫ್ರಿಜ್ಜಿನ ಹಿಂಬದಿ ಮುಟ್ಟಿ ನೋಡಿದ್ದೀರಾ? ಒಳಗಿನ ಶಾಖವನ್ನು ಎಳೆದು ಹೊರಗೆ ಹಾಕುತ್ತಿರುತ್ತದೆ. ಹೀಟ್ ಪಂಪ್ ಹಾಗೆಯೇ ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಹಾಕುತ್ತದೆ. ವಿದ್ಯುತ್ತು ಶಾಖವನ್ನು ಹೊಸದಾಗಿ ಹುಟ್ಟಿಸದೆ ಇದ್ದದ್ದನ್ನು ಸಾಗಿಸುತ್ತದೆ, ಹಾಗಾಗಿ ಒಂದು ಯೂನಿಟ್ ಉಂಡು ಮೂರು ಯೂನಿಟ್ ಶಾಖ ಕೊಡುತ್ತದೆ. ನಮ್ಮ ತಕ್ಕಡಿಯಲ್ಲಿ ನಾಲ್ಕರ ಬದಲು ಒಂದೂ ಕಾಲು ಒಂದೂವರೆ ಯೂನಿಟ್. ಗಾಳಿ ಬೆಚ್ಚಗಿದ್ದಷ್ಟೂ ಅದಕ್ಕೆ ಅನುಕೂಲ, ಆದ್ದರಿಂದ ಬಿಸಿಲಿನ ಊರಿನಲ್ಲಿ ಮಧ್ಯಾಹ್ನ ಓಡಿಸುವುದು ಜಾಣತನ. ನಿಧಾನದ ಯಂತ್ರವದು, ಟ್ಯಾಂಕು ಕಾಯಲು ಕೆಲವು ಗಂಟೆ ಹಿಡಿಯುತ್ತದೆ. ಸದ್ದಿದೆ, ಗಾಳಿಯಾಡುವ ಜಾಗ ಬೇಕು.

ಹಳ್ಳಿಯಲ್ಲಿ ಅದರ ದೊಡ್ಡ ಶತ್ರು ವೋಲ್ಟೇಜ್. ಸಾದಾ ಕಾಯಿಲಿಗೆ ವೋಲ್ಟೇಜ್ ಇಳಿದರೆ ಬೇರೇನೂ ಆಗುವುದಿಲ್ಲ, ನಿಧಾನವಾಗುತ್ತದೆ: 230ರ ಬದಲು 180 ವೋಲ್ಟ್ ಬಂದರೆ ಅದರ ಬಲ ನೂರಕ್ಕೆ 61ಕ್ಕೆ ಇಳಿಯುತ್ತದೆ. ಹೀಟ್ ಪಂಪಿನ ಕಂಪ್ರೆಸರ್ ಹಾಗಲ್ಲ, ಕಡಿಮೆ ವೋಲ್ಟೇಜಿನಲ್ಲಿ ಹೆಣಗಿ ಕಾದು ಸುಟ್ಟುಹೋಗಬಹುದು. ಸ್ಟೆಬಿಲೈಸರ್ ಇಲ್ಲದೆ ಅದನ್ನು ತರಬೇಡಿ. ಟ್ಯಾಂಕಿಲ್ಲದ, ತಕ್ಷಣ ಕಾಯಿಸುವ ಸಣ್ಣ ವಿದ್ಯುತ್ ಗೀಸರಿನ ಮಾತೂ ಒಂದಿಷ್ಟು: 3 ಕಿಲೋವ್ಯಾಟಿನದು ನಿಮಿಷಕ್ಕೆ ಮೂರು ಲೀಟರ್ ಹರಿವನ್ನು ಸುಮಾರು 14 ಡಿಗ್ರಿ ಮಾತ್ರ ಏರಿಸಬಲ್ಲದು, ಅದೂ ಪೂರ್ತಿ ವೋಲ್ಟೇಜ್ ಇದ್ದಾಗ. ಕೈತೊಳೆಯುವ ಬೇಸಿನ್ನಿಗೆ ಅದು ಸರಿ.

ಮೂರನೆಯ ದಾರಿ ಈಚಿನದು. ತಾರಸಿಯ ಮೇಲೆ ವಿದ್ಯುತ್ ತಯಾರಿಸುವ ಸೋಲಾರ್ ಪ್ಯಾನೆಲ್ ಹಾಕಿ ಅದರಿಂದ ನೀರು ಕಾಯಿಸುವುದು. ಅದು ಬಿಸಿಲಿನ ಐದನೆಯ ಒಂದು ಭಾಗವನ್ನಷ್ಟೇ ವಿದ್ಯುತ್ ಮಾಡುತ್ತದೆ. ಒಂದು ಕಿಲೋವ್ಯಾಟಿನ ಪ್ಯಾನೆಲ್‌ಗಳು ಸುಮಾರು ಐದು ಚದರ ಮೀಟರ್ ಜಾಗ ಹಿಡಿದು ದಿನಕ್ಕೆ ನಾಲ್ಕೈದು ಯೂನಿಟ್ ಕೊಡುತ್ತವೆ. ಸಾದಾ ಕಾಯಿಲಿನಿಂದ ನಮ್ಮ ನೂರು ಲೀಟರ್ ಮುಗಿಯಿತು. ನೇರ ಕಲೆಕ್ಟರಿಗೆ ಎರಡೇ ಚದರ ಮೀಟರ್ ಸಾಕಿತ್ತಲ್ಲವೇ? ಆದರೆ ಅದೇ ವಿದ್ಯುತ್ತನ್ನು ಹೀಟ್ ಪಂಪಿಗೆ ಕೊಟ್ಟರೆ ಎರಡು ಚದರ ಮೀಟರಿನ ಒಳಗೇ ಕೆಲಸ ಮುಗಿಯುತ್ತದೆ, ಮಿಕ್ಕದ್ದು ಮನೆಯ ದೀಪ ಫ್ಯಾನಿಗೆ. ತಂತಿ ಎಳೆಯುವುದು ಪೈಪು ಎಳೆಯುವುದಕ್ಕಿಂತ ಸುಲಭ. ತಂತಿಗೆ ಸುಣ್ಣ ಕಟ್ಟುವುದಿಲ್ಲ, ಹೆಪ್ಪುಗಟ್ಟುವುದಿಲ್ಲ. ಹೊಸದಾಗಿ ಮನೆ ಕಟ್ಟುವವರಾದರೆ, ನೀರು ತೀರಾ ಗಡಸಾಗಿದ್ದರೆ, ನಾನು ಈ ದಾರಿಯನ್ನೇ ಮೊದಲು ಲೆಕ್ಕ ಹಾಕಿ ನೋಡು ಎನ್ನುತ್ತೇನೆ. ಸಾಧಾರಣ ನೀರು, ಖಾಲಿ ತಾರಸಿ, ರಿಪೇರಿಗೆ ದೂರದಿಂದ ಜನ ಬರಬೇಕಾದ ಊರು ಎಂದರೆ ಪಂಪಿಲ್ಲದ, ಮೋಟಾರಿಲ್ಲದ ಸಾದಾ ಸೋಲಾರೇ ಮೇಲು. ಕೆಡಲು ಅದರಲ್ಲಿ ಹೆಚ್ಚೇನಿಲ್ಲ.

ಯಾವುದೇ ಆದರೂ ಟ್ಯಾಂಕಿನ ನೀರನ್ನು ಬಹುದಿನ 25ರಿಂದ 45 ಡಿಗ್ರಿಯ ನಡುವೆ ಬೆಚ್ಚಗೆ ಬಿಡಬೇಡಿ. ಲೀಜನೆಲ್ಲಾ ಎಂಬ, ಶ್ವಾಸಕೋಶಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾ ಬೆಳೆಯುವ ಹದವದು. ಮೋಡ ಮುಸುಕಿದ ವಾರದಲ್ಲಿ ಒಮ್ಮೆ ಕಾಯಿಲ್ ಹಾಕಿ 60 ಡಿಗ್ರಿ ಮುಟ್ಟಿಸಿ. ಆದರೆ 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳು, ಮುದುಕರು ಇರುವ ಮನೆಯಲ್ಲಿ ತಣ್ಣೀರನ್ನು ಮೊದಲು ಬಿಡುವ ಅಭ್ಯಾಸ ಇರಬೇಕು, ಅಥವಾ ತಾನಾಗಿ ಬೆರೆಸಿ ಕೊಡುವ ವಾಲ್ವ್ ಇರಬೇಕು.

ಹಾಕಿಸಿದ ಮೇಲೆ ಒಂದು ಥರ್ಮಾಮೀಟರ್ ತನ್ನಿ, ಜ್ವರ ನೋಡುವುದಲ್ಲ, ನೂರು ಡಿಗ್ರಿವರೆಗೆ ಅಳೆಯುವುದು. ಸಂಜೆ ಐದಕ್ಕೆ ಟ್ಯಾಂಕಿಗೆ ಅತಿ ಹತ್ತಿರದ ನಲ್ಲಿಯಲ್ಲಿ ಅಳೆಯಿರಿ, ಬೆಳಿಗ್ಗೆ ಆರಕ್ಕೆ ಅಲ್ಲೇ ಮತ್ತೆ, ಆಮೇಲೆ ಬಚ್ಚಲಿನಲ್ಲಿ. ಸಂಜೆ 62 ಇದ್ದದ್ದು ಬೆಳಿಗ್ಗೆ 57 ಆಗಿದ್ದರೆ ಟ್ಯಾಂಕು ತನ್ನ ಕೆಲಸ ಮಾಡಿದೆ. ಬೆಳಿಗ್ಗೆ 45ಕ್ಕೆ ಇಳಿದಿದ್ದರೆ ಹೊದಿಕೆ ನೆನೆದಿದೆ, ಇಲ್ಲವೇ ರಾತ್ರಿ ನೀರು ಹಿಂದಕ್ಕೆ ಹರಿಯುತ್ತಿದೆ. ಟ್ಯಾಂಕಿನ ಬಳಿ 57 ಇದ್ದು ಬಚ್ಚಲಿನಲ್ಲಿ ಒಂದು ಬಕೆಟ್ ಬಿಟ್ಟ ಮೇಲೂ 47 ಬಂದರೆ ಪೈಪಿನ ಹೊದಿಕೆ ಮತ್ತು ಆ ಹಿಂದಕ್ಕೆ ಬಿಡದ ವಾಲ್ವ್ ನೋಡಿ. ಒಳ್ಳೆಯ ಬಿಸಿಲಿದ್ದೂ ಸಂಜೆಯೇ 45 ದಾಟದಿದ್ದರೆ ಮೊದಲು ಗಾಜು ಒರೆಸಿ, ಆಮೇಲೆ ನೆರಳು ನೋಡಿ, ಆಮೇಲೆ ಏರುಪೈಪಿನ ಉದ್ದಕ್ಕೂ ಕೈಯಾಡಿಸಿ: ಎಲ್ಲಿ ಬಿಸಿ ಮುಗಿದು ತಣ್ಣಗೆ ಶುರುವಾಗುತ್ತದೋ ಅಲ್ಲೇ ಗಾಳಿ ಕೂತಿದೆ.